ಹತ್ತು ನಲವತ್ತರ ಮಿಸ್ ಕಾಲ್

ರಂಗಂಪೇಟೆಯ ವಿಶ್ವರಾಧ್ಯನ ಅಂಗಡಿಗೆ ಪಂಪು ರಿಪೇರಿಗಂತ ಹೋದವರು ಒಂದು ತಾಸು ವಿಜ್ಞಾನ ಕೇಳದ ಹೊರಗ ಬಂದದ್ದನ್ನ ಯಾರೂ ನೋಡಿಲ್ಲ. "ಕುಂಡ್ರಿ, ಕುಂಡ್ರಿ, ಚಾ ತರಸ್ತೀನಿ" ಅನ್ನಾವ. ಚಾ ಬರೋದ್ರಾಗ ಉಪಗ್ರಹ ಬೀಳದಂಗ ಹೆಂಗ ತಿರಗತದ ಅನ್ನೋದು ಮುಗೀತಿತ್ತು. ಕಪ್ಪು ಬರಿದಾಗೋದ್ರಾಗ ಕಂಪ್ಯೂಟರಿಗೆ ಬುದ್ಧಿ ಅದನೋ ಇಲ್ಲೋ ಅನ್ನೋದು ಶುರುವಾಗಿರ್ತಿತ್ತು. ಓದಿದ್ದು ಶಹಾಪುರದಾಗ ಎರಡು ವರ್ಷ ಐಟಿಐ. ಮಾತು ಕೇಳಿದ್ರ ಮಾತ್ರ ಆಸಾಮಿ ನಿನ್ನೆ ಸಂಜಿ ಬಸ್ಸಿಗೆ ಚಂದ್ರನಿಂದ ಇಳದಾನ ಅನಸಬೇಕು. ದಿನಾ ಮುಂಜಾನೆ ವಾಟ್ಸಾಪ್ ಗ್ರೂಪಿಗೆ ಎರಡು ನಿಮಿಷದ ಮಾತು ಹಾಕ್ತಿದ್ದ. ಕೇಳೋರು ಹನ್ನೊಂದು ಮಂದಿ, ಅದರಾಗ ನಾನೂ ಒಬ್ಬ.

ಅವನ ಮುದ್ದಿನ ವಿಚಾರ ಮಿಸ್ ಕಾಲ್. "ಫೋನ್ ಕಂಡುಹಿಡಿದವರು ಯಾರರ ಇರಲಿ, ಮಿಸ್ ಕಾಲ್ ಕಂಡುಹಿಡಿದವರು ನಾವ" ಅಂತಿದ್ದ. "ಒಂದು ರಿಂಗು. ಅಷ್ಟರಾಗ ಅಡಗಿ ಆಗ್ಯಾದ ಬಾ ಅಂತನೂ ತಿಳೀತದ, ಬಸ್ಸು ತಪ್ಪೇದ ಅಂತನೂ ತಿಳೀತದ."

ಹಿಂಗಿದ್ದಾವನ ಕೈಗೆ ಫೋನ್ ಸ್ಟಾರ್ಟರ್ ಬಂತು. ಹೊಲದ ಪಂಪಿನ ಡಬ್ಬಿಯೊಳಗ ಒಂದು ಸಿಮ್ಮು. ಮನ್ಯಾಗ ಕುಂತು ಮಿಸ್ ಕಾಲ್ ಕೊಟ್ರ ಮೋಟಾರ್ ಚಾಲೂ, "ಮೋಟಾರ್ ಓಡುತ್ತಿದೆ" ಅಂತ ಕಾಲ್ ಕೊಟ್ಟವರ ಫೋನಿಗೆ ತಿರುಗಿ ಮೆಸೇಜು. ಬಂದ್ ಮಾಡಾಕ ನಾವೊಂದು ಮೆಸೇಜು ಕಳಿಸಬೇಕು. ಅವತ್ತು ಅವನ ಕಾಲು ನೆಲದ ಮ್ಯಾಲ ಇದ್ದಿಲ್ಲ.

ಮೊದಲನೇ ಡಬ್ಬಿ ಹಾಕಿದ್ದು ಗೆಳೆಯ ಮರಿಲಿಂಗನ ಪಂಪಿಗೆ. ಮರಿಲಿಂಗ ಹುಣಸಗಿ ಆಚಿ ಹೊಳಿದಂಡಿ ಊರಾವ. ಮೀನು ಹಿಡಿತಿದ್ದ, ಎರಡೆಕರೆ ನೆಲ್ಲು ಬೆಳಿತಿದ್ದ. ಐಟಿಐನಾಗ ಇಬ್ಬರದೂ ಒಂದ ಬೆಂಚು. ವಿಶ್ವರಾಧ್ಯನ ಎಲ್ಲಾ ಮಾತಿಗೂ "ಹೌದೇನೋ ಮಾರಾಯಾ!" ಅಂತ ಕಣ್ಣರಳಿಸಿ ಕೇಳೋ ಜೀವ ಅದೊಂದ ಇತ್ತು. ಡಬ್ಬಿಯೊಳಗ ಮೂರು ನಂಬರ್ ಹಾಕಿದ್ರು: ಮರಿಲಿಂಗಂದು, ಅವನ ಹೆಂಡ್ತಿ ಮಲಕಮ್ಮಂದು, ವಿಶ್ವರಾಧ್ಯಂದು.

"ನಿಂದೂ ಇರ್ಲಿ ಬಿಡೋ, ಗಿರಾಕಿಗೆ ತೋರಸಾಕ ಬೇಕಾಗ್ತದ" ಅಂದಿದ್ದ ಮರಿಲಿಂಗ. "ಆದ್ರ ಚಾಲೂ ಮಾಡೋ ಮುಂದ ನನಗೊಂದು ಮಾತು ಕೇಳು."

ಆರು ತಿಂಗಳು ಕೇಳೇ ಮಾಡಿದ.

ಏಳನೇ ತಿಂಗಳು ಒಂದಿನ ಅಮೀನುದ್ದೀನ ಅನ್ನೋ ರೈತ ಈ ಡಬ್ಬಿ ನೋಡಾಕ ಅಂಗಡಿಗೆ ಬಂದ. ವಿಶ್ವರಾಧ್ಯ ಪದ್ಧತಿ ಪ್ರಕಾರ ಮರಿಲಿಂಗಗ ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಹಚ್ಚಿದ, ಎತ್ತಲಿಲ್ಲ.

"ಖರೇನ ಆಗ್ತದೇನ್ರಿ ಭಾಯ್, ಇಲ್ಲಾ ಬರೇ ಬಾಯಿ ಮಾತೋ?" ಅಂದು ಅಮೀನುದ್ದೀನ ನಕ್ಕ.

ಅವ ಚಾಷ್ಟಿಗೆ ಅಂದದ್ದು. ಆದ್ರ ವಿಶ್ವರಾಧ್ಯಗ ಚುಚ್ಚಿತು. ನೀರು ಹಾಯಸೋ ದಿನಾನ ಅದ, ಒಂದೀಟು ಮೊದಲು ಚಾಲೂ ಆದ್ರ ಏನಾತು ಅಂದ್ಕೊಂಡು ಡಬ್ಬಿಗೆ ಮಿಸ್ ಕಾಲ್ ಕೊಟ್ಟ. ಟಿಣ್ ಅಂತ ಮೆಸೇಜು ಬಂತು. ಹತ್ತು ನಲವತ್ತು. ಅಮೀನುದ್ದೀನ "ವಾಹ್ ರೇ ವಾಹ್!" ಅಂದ. ವಿಶ್ವರಾಧ್ಯ ಖುಷಿಯಿಂದ ಚಾ ತರಿಸಿದ.

ಅದೇ ಹೊತ್ತಿಗೆ ಮರಿಲಿಂಗ ಸೊಂಟದಮಟ ಹೊಳ್ಯಾಗ ಇಳದು ಪೈಪಿನ ಬಾಯಿಗೆ ಸುತ್ತಿದ ಪಾಚಿ ಕೀಳಾಕತ್ತಿದ್ದ. ಅಂಗಿ, ಫೋನು ದಂಡಿ ಮ್ಯಾಲ ಇದ್ದವು. ಮೊದಲೆಲ್ಲಾ ನೀರಿಗಿಳಿಯೋ ಮುಂದ ಫ್ಯೂಸ್ ಕಿತ್ತು ಜೇಬಿನ್ಯಾಗ ಇಟ್ಕೊಂತಿದ್ದ. ಈ ಡಬ್ಬಿ ಬಂದಮ್ಯಾಲ ಫೋನ್ ಮಾಡಿದ್ರ ಮಾತ್ರ ಚಾಲೂ ಆಗೋದು, ಇಲ್ಲಂದ್ರ ಇಲ್ಲ ಅಂತ ಅದನ್ನ ಬಿಟ್ಟುಬಿಟ್ಟಿದ್ದ. ಹನ್ನೊಂದಕ್ಕ ಮಿಸ್ ಕಾಲ್ ಕೊಡು ಅಂತ ಹೆಂಡ್ತಿಗೆ ಹೇಳಿ ಬಂದಿದ್ದ. ನೀರೊಳಗ ಬಿದ್ದಿದ್ದ ಮೋಟಾರಿನ ವೈರಿನ ರಬ್ಬರು ಒಂದು ಕಡೆ ಸುಲದಿತ್ತು, ಮೋಟಾರ್ ಚಾಲೂ ಆದ್ರ ಕರೆಂಟು ನೀರಿಗೇ ಇಳೀಬೇಕು.

ಮಲಕಮ್ಮಗ ಸಂಘದ ಮೀಟಿಂಗಿಗೆ ಹೊತ್ತಾಗಿತ್ತು. ಹತ್ತು ಐವತ್ತಕ್ಕ ಮಿಸ್ ಕಾಲ್ ಕೊಟ್ಲು. "ಮೋಟಾರ್ ಓಡುತ್ತಿದೆ" ಅಂತ ಅಕಿಗೂ ಮೆಸೇಜು ಬಂತು. ಓಡಾಕತ್ತಿದ್ದು ಹತ್ತು ನಿಮಿಷದಿಂದ ಅಂತ ಆ ಮೆಸೇಜು ಹೇಳಲಿಲ್ಲ. ಅದಕ್ಕ ಹೇಳಾಕ ಯಾರೂ ಕಲಿಸಿದ್ದಿಲ್ಲ.

ಸುದ್ದಿ ಕೇಳಿ ಮಧ್ಯಾಹ್ನದಾಗ ವಿಶ್ವರಾಧ್ಯ ಅಲ್ಲಿಗೆ ಹೋದ. ಗೆಳೆಯನ್ನ ದಂಡಿ ಮ್ಯಾಲ ಮಲಗಿಸಿದ್ರು. "ನಾನ ಕೊಂದೆ! ಹತ್ತು ನಿಮಿಷ ತಡೀಲಿಲ್ಲ ನಾನು!" ಅಂತ ಮಲಕಮ್ಮ ಎದಿ ಬಡ್ಕೊಳ್ಳಾಕತ್ತಿದ್ದಳು. ವಿಶ್ವರಾಧ್ಯಗ ಎಲ್ಲಾ ಒಂದ ಏಟಿಗೆ ತಿಳೀತು. ತಿಳದ ಕೂಡಲೆ ಏನು ಮಾಡಿದ ಗೊತ್ತೇನ್ರಿ? ಬೈಕಿನ ಹಿಂದ ಹೋಗಿ ಫೋನಿನ್ಯಾಗಿನ ಆ ಕಾಲ್, ಆ ಮೆಸೇಜು ಎರಡನ್ನೂ ಅಳಿಸಿದ. ಹೇಡಿ. ಆಮ್ಯಾಲ ಬಂದು ಎಲ್ಲಾರಕಿಂತ ಜೋರಾಗಿ ಅತ್ತ. ಆ ಅಳು ಸುಳ್ಳಲ್ಲ, ಅದನ್ನೂ ಹೇಳಬೇಕು.

ಅವತ್ತಿಂದ ಗ್ರೂಪಿನ್ಯಾಗ ಅವನ ದನಿ ನಿಂತಿತು. ಅಂಗಡ್ಯಾಗ ಸುಮ್ನ ಕುಂಡ್ರತಿದ್ದ. ಹಳೇ ಸ್ಟಾರ್ಟರಿನ ಗುಂಡಿ ಒತ್ತಬೇಕಂದ್ರ ಪಂಪಿನ ಮುಂದ ನಿಲ್ಲಬೇಕಿತ್ತು, ನಿಂತವನ ಕಣ್ಣಿಗೆ ನೀರು ಕಾಣ್ತಿತ್ತು, ನೀರಾಗಿನ ಮನಷಾ ಕಾಣ್ತಿದ್ದ. ಹೊಲಕ್ಕ ಹೋಗೋ ದಣಿವು ಉಳಿಸೀನಿ ಅಂತ ಮೆರದಾಡಿದೆನಲ್ಲ, ತಪ್ಪಿಸಿದ್ದು ದಣಿವಲ್ಲ, ಕಣ್ಣಿಂದ ನೋಡೋದನ್ನ ಅಂತ ಅವಗ ಹೊಳೀತು. ಇದನ್ನ ಯಾರ ಮುಂದ ಹೇಳಬೇಕು? ಕೇಳೋ ಒಬ್ಬಾವ ಹೋಗಿದ್ದ.

ತಿಂಗಳಾದ ಮ್ಯಾಲ ಮಲಕಮ್ಮನ ತಮ್ಮ ರಂಗಣ್ಣ ಆ ಡಬ್ಬಿ ಬಿಚ್ಕೊಂಡು ಅಂಗಡಿಗೆ ಬಂದ.

"ಇದು ಮನ್ಯಾಗ ಬ್ಯಾಡ್ರಿ. ಅಕ್ಕ ಹುಚ್ಚಿ ಆಗ್ಯಾಳ. ಆರು ವರ್ಷದ ಕೂಸು ಮೌನಿಕಾನ್ನ ಹಂತ್ಯಾಕ ಬರಗೊಡವಲ್ಲಳು. ನಿಮ್ಮಪ್ಪನ್ನ ಕೊಂದ ಕೈ ಇದು, ಮುಟ್ಟಬ್ಯಾಡ ಅಂತಾಳ. ತುತ್ತು ಮಾಡಿ ಉಣಸವಲ್ಲಳು, ಹೆರಳು ಹಾಕವಲ್ಲಳು. ಎಲ್ಲಾ ಅಕಿ ಅತ್ತಿ ಮುದುಕಿನ ಮಾಡತಾಳ."

ವಿಶ್ವರಾಧ್ಯಗ ಮರುದಿನ ಅಂಗಡಿ ತೆಗಿಯಾಕಾಗಲಿಲ್ಲ. ಮುಂಜಾನೆ ಹುಣಸಗಿ ಬಸ್ ಹತ್ತಿದ.

ಮಲಕಮ್ಮ ಗ್ವಾಡಿಗೆ ಆತು ಕುಂತಿದ್ದಳು. ಅರ್ಧಕ್ಕರ್ಧ ಇಳದಿದ್ದಳು. "ಬರ್ರಿ ಅಣ್ಣಾರ" ಅಂದು ಚಾಪಿ ತೋರಿಸಿದಳು. ಅವ ಕುಂಡ್ರಲಿಲ್ಲ, ನಿಂತಲ್ಲೇ ಹೇಳಿದ.

"ತಂಗಿ, ನೀ ಕೊಂದಿಲ್ಲ. ನಾ ಕೊಂದೀನಿ. ಗಿರಾಕಿಗೆ ತೋರಸಾಕ ಹೋಗಿ ಹತ್ತು ನಲವತ್ತಕ್ಕ ನಾನ ಚಾಲೂ ಮಾಡೀನಿ. ನೀ ಕಾಲ್ ಮಾಡೋದ್ರಾಗ ಅದು ಓಡಾಕತ್ತಿತ್ತು. ಎಲ್ಲಾ ಮುಗದಿತ್ತವ್ವ."

ಅಕಿ ಎದ್ದು ಹೋಗಿ ಟ್ರಂಕಿನ್ಯಾಗಿಂದ ಅರಿವಿಯೊಳಗ ಸುತ್ತಿಟ್ಟ ತನ್ನ ಫೋನ್ ತಂದು ಅವನ ಮುಂದ ಇಟ್ಟಳು. "ಇದರಾಗ ನನಗ ಬಂದ ಮೆಸೇಜ್ ಅದ. ಹತ್ತು ಐವತ್ತು. ನಿಮಗ ಬಂದದ್ದು ತೋರಸ್ರಿ."

"ಅಳಿಸೀನಿ."

"ಯಾಕ್ರಿ?"

"ಅಂಜಿಕಿ ಬಂತು."

ಮಲಕಮ್ಮನ ಕಣ್ಣಾಗ ದಳದಳ ನೀರು ಬಂತು. "ನನ್ನ ಪಾಪ ಹೊರಾಕ ಅಷ್ಟು ದೂರದಿಂದ ಬಂದ್ರೇನ್ರಿ ಅಣ್ಣಾ. ಅವ್ರು ಹೇಳ್ತಿದ್ರು, ನನ್ನ ಗೆಳೆಯಗ ಎಲ್ಲಾ ಬರತದ, ಸುಳ್ಳು ಒಂದು ಬರಂಗಿಲ್ಲ ಅಂತ. ಹೌದ್ರಿ, ನನ್ನ ಸಮಾಧಾನಕ್ಕಂತ ಹೇಳೋ ಸುಳ್ಳೂ ಬರಂಗಿಲ್ಲ ನಿಮಗ." ಬಗ್ಗಿ ಅವನ ಪಾದ ಮುಟ್ಟಿದಳು.

ಅವ ಹಿಂದ ಸರದ. ಹೇಳೋ ಮಾತು ಇನ್ನೊಂದಿತ್ತು. ನಡಿ ತಂಗಿ ಪೊಲೀಸ್ ಸ್ಟೇಷನ್ನಿಗೆ, ಅವ್ರು ಫೋನ್ ಕಂಪನಿಗೆ ಕೇಳಿದ್ರ ಯಾವ ನಂಬರಿಂದ ಯಾವಾಗ ರಿಂಗಾಗ್ಯಾದ ಅಂತ ಪಟ್ಟಿ ಬರತದ, ಕಣ್ಣಾರೆ ನೋಡು ಅನ್ನಬೇಕಿತ್ತು. ಊರಿಗೆಲ್ಲಾ ಫೋನು ಹೆಂಗ ಕೆಲಸ ಮಾಡತದ ಅಂತ ಹೇಳಿದಾವಗ ಇದು ಗೊತ್ತಿರಲಿಲ್ಲ ಅನ್ನಬ್ಯಾಡ್ರಿ. ಮಾತು ನಾಲಿಗಿ ತುದಿಗೆ ಬಂದಿತ್ತು. ಪೊಲೀಸ್ರು ಬರ್ತಾರ, ಪೇಪರಿನ್ಯಾಗ ಬರತದ, ನನ್ನ ಮನಿಯಾಕಿ ಏನಾಗ್ತಾಳ ಅನ್ನೋದೂ ಸಂಗಡ ಬಂತು.

ಅಷ್ಟರಾಗ ಮೌನಿಕಾ ಬಾಚಣಿಕಿ ಹಿಡ್ಕೊಂಡು ಒಳಗ ಬಂದಳು. "ಅವ್ವಾ, ಅಜ್ಜಿ ಬಾಳ ಜಗ್ಗತಾಳ, ನೀನ ಹಾಕು" ಅಂದಳು.

ಮಲಕಮ್ಮ ಎರಡೂ ಕೈ ಸೆರಗಿನೊಳಗ ಮುಚ್ಕೊಂಡಳು. "ಅಜ್ಜಿ ಹಂತ್ಯಾಕ ಹೋಗವ್ವ."

ಕೂಸು ಹೋಗಲಿಲ್ಲ. ಅವ್ವನ ಮಾರಿ ನೋಡಿತು, ವಿಶ್ವರಾಧ್ಯನ ಮಾರಿ ನೋಡಿತು, ಯಾರರ ಏನರ ಹೇಳ್ತಾರೇನೋ ಅಂತ ನಿಂತಿತು. ಅವ ಕೂಸಿನ ತಲಿ ಮ್ಯಾಲ ಕೈ ಇಡಾಕ ಹೋಗಿ ಹಿಂದಕ್ಕ ತಗೊಂಡ.

"ನಾ ಬರ್ತೀನಿ ತಂಗಿ" ಅಂದ.

"ಊಟ ಮಾಡ್ಕೊಂಡು ಹೋಗ್ರಿ ಅಣ್ಣಾ. ಅತ್ತಿ ಬಡಸತಾಳ."

ಒಲ್ಲೆ ಅಂದು ಹೊರಗ ಬಂದ. ಸ್ಟ್ಯಾಂಡಿನ ತನಕ ಎರಡು ಸಲ ನಿಂತ, ಎರಡು ಸಲ ತಿರುಗಿ ಆ ಮನಿ ಕಡಿ ನೋಡಿದ. ತನ್ನೂರ ಕಡಿಗೆ ಹೋಗೋ ಸುರಪುರದ ಬಸ್ ಬಂತು. ಹತ್ತಿ ಕುಂತ.