ಜನವರಿ ನಾಲ್ಕರ ಪಂದ್ಯ

ಆ ವರ್ಷದ ಆಗಸ್ಟ್‌ನಲ್ಲಿ ಜಪಾನಿನ ನಮ್ಮೂರು ನಾಗಿಹಾಮಾದ ಬಂದರು ಮೈದಾನದಲ್ಲಿ ಫೈನಲ್ ಶುರುವಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಬಿಸಿಲು ಮೂವತ್ತೇಳು ಡಿಗ್ರಿ. ಹದಿನೈದು ವರ್ಷದೊಳಗಿನ ಹುಡುಗಿಯರ ಫುಟ್‌ಬಾಲ್. ನಮ್ಮೂರ ತಂಡದ ಎದುರು ಕೊರಿಯಾದ ಗಾಂಗ್ನುಂಗ್ ತಂಡ. ರೆಫರಿ ಹೊಸಾಕಾ ತೊಮೊಎ. ವಾರವೆಲ್ಲ ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸಿ, ರಜೆಯ ದಿನ ಕೊರಳಿಗೆ ಸೀಟಿ ಹಾಕಿಕೊಳ್ಳುವ ಹೆಂಗಸು. ಗೆರೆಯ ಪಕ್ಕ ಬಾವುಟ ಹಿಡಿದು ಓಡುವವಳು ನಾನು.

ದ್ವಿತೀಯಾರ್ಧದ ಹನ್ನೆರಡನೇ ನಿಮಿಷದಲ್ಲಿ ಗಾಂಗ್ನುಂಗ್‌ನ ಗೋಲ್‌ಕೀಪರ್ ಬಾಂಗ್ ಸೊಜಿನ್ ನಿಂತಲ್ಲೇ ಕುಸಿದಳು. ಚೆಂಡು ಆಚೆ ತುದಿಯಲ್ಲಿತ್ತು. ತೊಮೊಎ ಓಡಿಹೋಗಿ ಅವಳ ಕೆನ್ನೆ ಮುಟ್ಟಿದರು. ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ಹುಡುಗಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಆಂಬುಲೆನ್ಸ್ ಹೊರಟ ಮೇಲೆ ಮೈದಾನದ ನಡುವೆ ನಿಂತು ಉದ್ದಕ್ಕೆ ಮೂರು ಸಲ ಸೀಟಿ ಊದಿದರು.

ಸಮಿತಿಯ ಅಧ್ಯಕ್ಷ ಕುವಾಬಾರಾ ಸಾನ್ ದುಡುದುಡು ಬಂದರು. "ಏನಮ್ಮ ಇದು? ಇನ್ನೂ ಹದಿನೆಂಟು ನಿಮಿಷ ಇದೆ. ಬೇರೆ ಕೀಪರ್ ಇದ್ದಾಳೆ."

"ಆ ಕೀಪರ್ ಹುಡುಗೀದೂ ತುಟಿ ಒಣಗಿ ಒಡೆದುಹೋಗಿದೆ, ನೋಡಿ. ಪಂದ್ಯ ಮುಗೀತು."

"ಹಾಗಂತ ಯಾರು ಹೇಳಿದ್ದು?"

"ಸೀಟಿ ನನ್ನ ಹತ್ರ ಇದೆಯಲ್ಲ, ನಾನೇ ಹೇಳಿದ್ದು."

ಸೊಜಿನ್ ಮೂರು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡು ಊರಿಗೆ ಹೋದಳು. ಸಮಿತಿಯ ಸೆಪ್ಟೆಂಬರ್ ಸಭೆಗೆ ತೊಮೊಎ ಕರೆಯದೆಯೇ ಬಂದು ಕೂತರು. ಇನ್ನು ಮುಂದೆ ಪಂದ್ಯಾವಳಿ ಜನವರಿಯಲ್ಲಿ ನಡೆಯಲಿ ಅಂದರು. ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಕಡೆ ಜನವರಿಯಲ್ಲಿ ಸಮುದ್ರದಿಂದ ಬೀಸುವ ಗಾಳಿಯೇ ಹಿಮವನ್ನು ಹೊತ್ತು ತರುತ್ತದೆ.

"ಸಂಜೆ ಆಡ್ಸಿದ್ರೆ ಆಗಲ್ವಾ?" ಎಂದರು ಒಬ್ಬರು.

"ಹೋದ ವರ್ಷ ಸಂಜೆ ಆರಕ್ಕೂ ಮೂವತ್ತಮೂರು ಡಿಗ್ರಿ ಇತ್ತು. ನೀವು ಡೇರೆಯೊಳಗೆ ಫ್ಯಾನ್ ಮುಂದೆ ಕೂತಿದ್ರಿ, ನೆನಪಿರಲ್ಲ."

"ಅಕ್ಟೋಬರ್?"

"ಆಗ ನಮ್ಮಲ್ಲಿ, ಕೊರಿಯಾದಲ್ಲಿ, ಮಂಗೋಲಿಯಾದಲ್ಲಿ, ಆಡೋಕೆ ಬರೋ ಮೂರು ದೇಶದಲ್ಲೂ ಶಾಲೆ ಇರತ್ತೆ. ಎಲ್ಲರಿಗೂ ಒಟ್ಟಿಗೆ ರಜ ಸಿಗೋದು ಆಗಸ್ಟ್‌ನಲ್ಲಿ, ಇಲ್ಲಾಂದ್ರೆ ಹೊಸ ವರ್ಷದ ಮೊದಲನೇ ವಾರ. ನಾನೂ ವಿಚಾರಿಸ್ಕೊಂಡೇ ಬಂದಿದೀನಿ."

ಕುವಾಬಾರಾ ಸಾನ್ ಮೀನು ಮಂಡಿಯ ಮನುಷ್ಯ. ಈ ಪಂದ್ಯಾವಳಿಯನ್ನು ಇಪ್ಪತ್ತೆರಡು ವರ್ಷಗಳ ಹಿಂದೆ ಬಂದರು ಹಬ್ಬದ ಜೊತೆ ಹುಟ್ಟುಹಾಕಿದವರೇ ಅವರು. ಜನ ಸೇರುವುದು ಬೇಸಿಗೆಯಲ್ಲೇ ಎಂಬುದು ಅವರ ನಂಬಿಕೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. "ಹಿಮ ಏನ್ ಮಾಡ್ತೀಯ ತೊಮೊಎ? ನಿನ್ನ ಸೂಪಿನ ಸೌಟಲ್ಲಿ ತೋಡಿ ಹಾಕ್ತೀಯಾ?"

"ಹಿಮಾನ ಸಲಿಕೆಯಲ್ಲಾದ್ರೂ ಎತ್ತಿಹಾಕಬಹುದು, ಕುವಾಬಾರಾ ಸಾನ್. ಬಿಸಿಲನ್ನ ನೀವು ಯಾವುದರಲ್ಲಿ ಎತ್ತಿಹಾಕ್ತೀರಿ?"

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ಒಂದು ಷರತ್ತು ಹಾಕಿದರು. ಜನವರಿ ನಾಲ್ಕರಂದು ಗಾಂಗ್ನುಂಗ್, ಮಂಗೋಲಿಯಾ ತಂಡಗಳನ್ನು ಕರೆಸಿ ಒಂದೇ ಒಂದು ಪಂದ್ಯ, ಅದೇ ಪರೀಕ್ಷೆ. ಹುಲ್ಲಿನ ಮೇಲೆ ಯಂತ್ರ ಇಳಿಸುವಂತಿಲ್ಲ. ಬೆಳಿಗ್ಗೆ ಹತ್ತಕ್ಕೆ ಮೈದಾನ ಪೂರ್ತಿ ಹಸಿರು ಕಾಣಬೇಕು. ಕಾಣದಿದ್ದರೆ ಅವರ ಮತ ಎಂದೆಂದಿಗೂ ಆಗಸ್ಟ್‌ಗೇ. ತೊಮೊಎ ಒಪ್ಪಿದರು.

ಡಿಸೆಂಬರ್ ಪೂರ್ತಿ ಬರೀ ಮಳೆ. ಜನವರಿ ಮೂರರ ಮಧ್ಯಾಹ್ನದಿಂದ ಹಿಮ ಶುರುವಾಯಿತು. ಮರುದಿನ ಬೆಳಿಗ್ಗೆ ನಾನು ಮೈದಾನಕ್ಕೆ ಹೋದಾಗ ಮೊಣಕಾಲು ಮುಳುಗುವಷ್ಟಿತ್ತು. ತೊಮೊಎ ಆಗಲೇ ಒಂದು ಗೋಲಿನ ಬಾಯಿ ಬಿಡಿಸಿದ್ದರು. ಜೊತೆಗೆ ಅಡುಗೆಮನೆಯ ನಾಲ್ವರು ಹೆಂಗಸರು.

"ಕಾನಾಎ, ಕೊನೇ ಒಂದು ಬೆರಳಷ್ಟು ಬಿಡು, ಕೆರೀಬೇಡ. ಹುಲ್ಲು ಕಿತ್ತುಬರತ್ತೆ. ಅದನ್ನ ಪೊರಕೇಲಿ ಗುಡಿಸೋಣ," ಎಂದರು ನನಗೆ, ತಲೆ ಎತ್ತದೆ.

ಎಂಟಕ್ಕೆ ಅರ್ಧ ಮೈದಾನವೂ ಆಗಿರಲಿಲ್ಲ. ಆಗ ತಂಡಗಳ ಬಸ್ಸು ಬಂತು. ಮಂಗೋಲಿಯಾದ ಕೋಚ್ ಕೆಳಗಿಳಿದು, ಕೋಟಿನ ಗುಂಡಿಯನ್ನೂ ಹಾಕದೆ, "ಇದಕ್ಕಾ ನೀವು ಚಳಿ ಅನ್ನೋದು?" ಎಂದು ದುಭಾಷಿಯ ಮೂಲಕ ಕೇಳಿ ಒಂದು ಸಲಿಕೆ ಎತ್ತಿಕೊಂಡ. ಅವನ ಹುಡುಗಿಯರು ಹಿಂದೆಯೇ ಓಡಿದರು. ಸೊಜಿನ್ ಕೂಡ ಬಂದಿದ್ದಳು, ಎರಡು ಬೆರಳು ಎತ್ತರವಾಗಿದ್ದಳು. ತೊಮೊಎ ಅವಳ ಕೈಯಿಂದ ಸಲಿಕೆ ಕಸಿದುಕೊಂಡರು.

"ನೀನು ಆಡೋಳು. ಹೋಗಿ ಕೂತ್ಕೋ."

ಸೊಜಿನ್ ಕಲಿತುಬಂದಿದ್ದ ನಾಲ್ಕು ಜಪಾನಿ ಮಾತು ಜೋಡಿಸಿ ಹೇಳಿದಳು: "ಕೂತ್ರೆ ಚಳಿ. ಕೆಲ್ಸ ಮಾಡಿದ್ರೆ ಬಿಸಿ." ಸಲಿಕೆ ವಾಪಸ್ ತಗೊಂಡಳು.

ಹತ್ತಕ್ಕೆ ಸರಿಯಾಗಿ ಕುವಾಬಾರಾ ಸಾನ್ ಬಂದರು. ಉತ್ತರದ ಮೂಲೆ ಇನ್ನೂ ಬೆಳ್ಳಗಿತ್ತು. ಅವರು ಗಡಿಯಾರ ನೋಡಿದರು. "ಪೂರ್ತಿ ಆಗಿಲ್ವಲ್ಲ."

"ಇಲ್ಲ. ನಾನು ಸೋತೆ," ಎಂದರು ತೊಮೊಎ. ಕೈ ಮಾತ್ರ ನಿಲ್ಲಿಸಲಿಲ್ಲ.

"ಮತ್ಯಾಕೆ ಇನ್ನೂ ತೋಡ್ತಿದೀಯ?"

"ಷರತ್ತು ನನಗೂ ನಿಮಗೂ ಇದ್ದದ್ದು. ಈ ಮಕ್ಕಳು ಬಂದಿರೋದು ಆಡೋಕೆ. ಪಂದ್ಯ ಹನ್ನೊಂದಕ್ಕೆ. ಸ್ವಲ್ಪ ಈಚೆ ಬನ್ನಿ, ಹಿಮದ ಮೇಲೆ ನಿಂತಿದೀರಿ."

ಅವರು ಪಕ್ಕಕ್ಕೆ ಸರಿದು ನಿಂತರು. ಹತ್ತೂ ನಲವತ್ತಕ್ಕೆ ಮೂಲೆ ಹಸಿರಾಯಿತು. ಕಿತ್ತಳೆ ಬಣ್ಣದ ಚೆಂಡಿಟ್ಟು ಹನ್ನೊಂದಕ್ಕೆ ಆಟ ಶುರು. ನೋಡಲು ಬಂದವರು ನೂರು ಜನವೂ ಇರಲಿಲ್ಲ. ಬೇಸಿಗೆಯಲ್ಲಾದರೆ ಎರಡು ಸಾವಿರ. ಆದರೆ ಹುಡುಗಿಯರು ಕೊನೆಯ ನಿಮಿಷದವರೆಗೂ ಓಡಿದರು, ಒಬ್ಬರೂ ಕುಸಿಯಲಿಲ್ಲ. ಮಂಗೋಲಿಯಾ ತಂಡದವರು ಗಾಂಗ್ನುಂಗ್ ತಂಡವನ್ನು ಎರಡು–ಒಂದರಿಂದ ಸೋಲಿಸಿದರು. ಸೊಜಿನ್ ಅಳುತ್ತಾ ಹೊರಬಂದು, ಮೊಚಿ ಎಂಬ ಅಂಟಕ್ಕಿಯ ಉಂಡೆ ಹಾಕಿದ ಬಿಸಿ ಸೂಪು ಎರಡು ಬಟ್ಟಲು ಕುಡಿದಳು.

ಫೆಬ್ರವರಿ ಸಭೆಯಲ್ಲಿ ತೊಮೊಎ ತಾವು ಷರತ್ತು ಸೋತದ್ದನ್ನು ತಾವೇ ಮೊದಲು ಹೇಳಿದರು. ಆಮೇಲೆ ಕಾರ್ಯದರ್ಶಿ ಎರಡು ಪತ್ರ ಓದಿದರು. ಗಾಂಗ್ನುಂಗ್‌ನ ಪೋಷಕರು, ಆಗಸ್ಟ್ ಆದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದಿದ್ದರು. ಮಂಗೋಲಿಯಾದವರು, ಜನವರಿಗೆ ಎರಡು ತಂಡ ತರುತ್ತೇವೆ ಎಂದಿದ್ದರು. ಜನವರಿಗೆ ಒಂಬತ್ತು ಕೈ ಎದ್ದವು, ಆಗಸ್ಟ್‌ಗೆ ನಾಲ್ಕು. ಆ ನಾಲ್ಕರಲ್ಲಿ ಕುವಾಬಾರಾ ಸಾನ್ ಅವರದೂ ಒಂದು.

"ನಾನು ಈಗ್ಲೂ ಒಪ್ಪಿಲ್ಲ," ಎಂದರು ಅವರು, ಟೋಪಿ ಹಾಕಿಕೊಳ್ಳುತ್ತಾ.

"ಒಪ್ಪಬೇಡಿ," ಎಂದರು ತೊಮೊಎ. "ಮಂಡಿಯಿಂದ ಹತ್ತು ಜನ ಕಳಿಸಿ, ಸಾಕು."

ಅವರು ಮೆಟ್ಟಿಲಿಳಿದು ಹೋದರು. ತೊಮೊಎ ನನ್ನ ಕಡೆ ತಿರುಗಿ, ಮುಂದಿನ ಸಲ ಉತ್ತರದ ಮೂಲೆಯಿಂದಲೇ ಶುರು ಮಾಡೋಣ ಎಂದರು.