ರಸ್ಕು ತಿಂದವರಿಗೆ ಜಯ

ಚಳಿ ಆಗಷ್ಟೇ ಕಾಲಿಡುತ್ತಿದ್ದ ತಿಂಗಳು. ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಬೇಕರಿಯ ಭಟ್ಟಿಯ ಹೊರಗೋಡೆಗೆ ಬೆನ್ನು ಕೊಟ್ಟು ಬೀದಿಯ ಮುದುಕರು ಸಾಲಾಗಿ ಕೂತಿದ್ದರು. ಆ ಗೋಡೆಯ ಬಿಸಿ ಯಾರಪ್ಪನ ಮನೆಯ ಸ್ವತ್ತೂ ಆಗಿರಲಿಲ್ಲ. ಯುದ್ಧಕ್ಕೆ ಮುಂಚೆ ಹೊಳೆಯ ಆಚೆ ದಡದವರೂ ಮೊದಲ ದೋಣಿಗೆ ಬಂದು, ಅಲ್ಲೇ ಬೆನ್ನು ಕಾಯಿಸಿಕೊಂಡು, ಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬೇಕರಿಯವನ ತಾಯಿ, ಬೀದಿಗೆಲ್ಲ ಅಜ್ಜಿಯಾದವಳು, ಅಂಥದ್ದೇ ದೋಣಿಯಲ್ಲಿ ಮದುಮಗಳಾಗಿ ಈಚೆಗೆ ಬಂದಿದ್ದಳು. ತವರಿನ ಕಡೆಯವರು ಕಂಡರೆ ಪೊಟ್ಟಣಕ್ಕೆ ಒಂದು ಬನ್ನು ಹೆಚ್ಚಿಗೆ ಬೀಳುತ್ತಿತ್ತು. ಮಗ ಗೊಣಗುತ್ತಿದ್ದ, ಮೊಮ್ಮಗ ನಗುತ್ತಿದ್ದ. ಆ ನಗು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಹಿಟ್ಟಿನ ಮೂಟೆಯಲ್ಲಿ ಮೂಗು ತೂರಿಸಿಯೇ ಬೆಳೆದವನೆಂದು ಎಲ್ಲರೂ ಅವನನ್ನು ಹಿಟ್ಟುಮೂಗ ಎನ್ನುತ್ತಿದ್ದರು.

ಆ ಬೆಳಿಗ್ಗೆ ದೋಣಿ ಬಂದಿರಲಿಲ್ಲ. ಆಚೆ ದಡದವರೊಂದಿಗೇ ಯುದ್ಧ ಶುರುವಾಗಿ ಹೊಳೆಗೆ ಕಾವಲು ಬಿದ್ದಿತ್ತು. ಸೈನ್ಯಕ್ಕೆ ರಸ್ಕು ಮಾಡಿಕೊಡುವ ಕೆಲಸ ಬೇಕರಿಗೆ ಸಿಕ್ಕಿತ್ತು. ಮೊದಲ ಹಿಟ್ಟನ್ನು ಹರಸಲು ಬೇಕರಿಯವನು ಪ್ರಾರ್ಥನಾ ಮಂದಿರದ ಗುರುಗಳನ್ನು ಕರೆತಂದಿದ್ದ. ಗುರುಗಳು ಸಾಧು ಮನುಷ್ಯ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಬಾರದು. ಕಣ್ಣು ಮುಚ್ಚಿ ಹಿಟ್ಟಿನ ಮೇಲೆ ಕೈಯಿಟ್ಟು, "ದೇವರೇ, ಇದನ್ನು ತಿಂದವರಿಗೆ ಜಯವಾಗಲಿ" ಎಂದರು.

ಆ ಮಂದಿರದ ರೀತಿಯೆಂದರೆ, ಪ್ರಾರ್ಥನೆ ಬೇಡಿದವನು ಮೊದಲು "ಹಾಗೇ ಆಗಲಿ" ಅನ್ನಬೇಕು. ಆಮೇಲೆ ಉಳಿದವರು. ಬೇಡಿದವನು ಅನ್ನದಿದ್ದರೆ ಪ್ರಾರ್ಥನೆ ದೇವರಿಗೆ ಮುಟ್ಟುವುದಿಲ್ಲ ಎಂದು ನಂಬಿಕೆ. ಬೇಕರಿಯವನು ಭಟ್ಟಿ ಅದುರುವ ಹಾಗೆ ಹೇಳಿದ. ಮುದುಕರೂ ಗೋಡೆಯ ಆ ಕಡೆಯಿಂದಲೇ ದನಿಗೂಡಿಸಿದರು.

ಎರಡು ಸಲ ಬೇಯಿಸಿದ ಆ ಗಟ್ಟಿ ರಸ್ಕುಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ, ಲಾರಿಯಲ್ಲಿ ಗಡಿಗೆ ಒಯ್ಯುತ್ತಿದ್ದವನು ಹಿಟ್ಟುಮೂಗನೇ. ಹೋಗುತ್ತಿದ್ದ, ಬರುತ್ತಿದ್ದ. ಒಂದು ಸಲ ಹೋದವನು ಬರಲಿಲ್ಲ. ಲಾರಿಯನ್ನು ಪೆಟ್ಟಿಗೆಗಳ ಸಮೇತ ಆಚೆಯವರು ಹಿಡಿದರಂತೆ. ಅವನ ವಿಷಯ ಕೇಳಿದರೆ ಯಾರೂ ನೆಟ್ಟಗೆ ಉತ್ತರ ಕೊಡಲಿಲ್ಲ.

ಅದೇ ವಾರ ಗಡಿಯ ಗುಡ್ಡವೊಂದು ನಮ್ಮವರ ಕೈ ತಪ್ಪಿತು. ಕ್ಷೌರದಂಗಡಿಯಲ್ಲಿ ಲೆಕ್ಕಾಚಾರ ಶುರುವಾಯಿತು.

"ಗೆಲ್ಲದೆ ಏನು ಮಾಡ್ತಾರಪ್ಪ? ಲಾರಿ ತುಂಬ ಜಯ ಕಳಿಸಿಕೊಟ್ಟಿದ್ದೀವಿ" ಎಂದ ಕ್ಷೌರಿಕ, ಗಿರಾಕಿಯ ಕೆನ್ನೆಗೆ ಸೋಪು ಹಚ್ಚುತ್ತಾ. "ತಿಂದವರಿಗೆ ಜಯ ಅಂದ್ರು ಗುರುಗಳು. ಯಾವ ದಡದಲ್ಲಿ ತಿಂದವರಿಗೆ ಅಂತ ಹೇಳಬೇಕಿತ್ತಲ್ಲ. ದೇವರಾದ್ರೂ ಏನು ಮಾಡ್ತಾನೆ, ಹೇಳಿದಷ್ಟು ಮಾಡ್ತಾನೆ."

ಬಾಗಿಲಲ್ಲಿ ಬೇಕರಿಯವನು ನಿಂತಿದ್ದು ಅವನಿಗೆ ಕಾಣಲಿಲ್ಲ. ಕಂಡಾಗ ಸೋಪಿನ ಬ್ರಷ್ಷು ಕೆಳಗಿಟ್ಟ. ಬೇಕರಿಯವನು ನೇರ ಗುರುಗಳ ಮನೆಗೆ ಹೋದ.

"ಹರಸಿದ್ದನ್ನ ಹಿಂದಕ್ಕೆ ತಗೊಳ್ಳಿ ಗುರುಗಳೇ. ತಗೊಂಡು ಶಾಪ ಹಾಕಿ. ಆ ರಸ್ಕು ತಿಂದವರ ಹೊಟ್ಟೆಯಲ್ಲಿ ಬೆಂಕಿ ಬೀಳಲಿ. ನನ್ನ ಮಗನ್ನೂ ತಿಂದ್ರು, ರಸ್ಕೂ ತಿಂದ್ರು."

"ಶಾಪ ಹಾಕಿ ನನಗೆ ಅಭ್ಯಾಸ ಇಲ್ಲಪ್ಪ" ಎಂದರು ಗುರುಗಳು.

"ಜಯ ಆಗಲಿ ಅಂದ್ರಲ್ಲ, ಅದಕ್ಕೆ ಅಭ್ಯಾಸ ಇತ್ತಾ? ಜಯ ಅಂದ್ರೆ ಇನ್ನೊಬ್ಬನ ಸೋಲೇ ತಾನೆ?"

ಇಲ್ಲ ಎನ್ನಲು ಬಾರದ ಗುರುಗಳು, ನಾಳೆ ಬೆಳಿಗ್ಗೆ ಮಂದಿರಕ್ಕೆ ಬಾ ಎಂದರು.

ಮನೆಯಲ್ಲಿ ಅಜ್ಜಿ ಹಿಟ್ಟು ನಾದುವ ಮರದ ಮರಿಗೆಯನ್ನು ಕೆರೆಯುತ್ತಾ ಕೂತಿದ್ದಳು.

"ಶಾಪ ಹಾಕಿಸ್ತೀಯಂತೆ."

"ಹಾಕಿಸ್ತೀನಿ. ನಿನ್ನ ತವರಿನವರಿಗೆ ನೋವಾಗುತ್ತೆ ಅಂತ ಬಾಯಿ ಮುಚ್ಕೊಂಡಿರ್ಲಾ?"

"ತವರು ಹಾಳಾಗಿ ಹೋಗಲಿ. ಲಾರಿ ಜೊತೆ ಹೋದವನು ಬದುಕಿದ್ರೆ ಅಲ್ಲಿ ಏನು ತಿಂತಿದ್ದಾನೆ ಅಂದ್ಕೊಂಡೆ? ಅವನಿಗೇನು ಬೇರೆ ಅಡುಗೆ ಮಾಡಿಸ್ತಾರಾ?"

"ಅವನು ಬದುಕಿದ್ದಾನೆ ಅಂತ ಯಾರು ಹೇಳಿದ್ರು?"

"ಸತ್ತ ಅಂತ ಯಾರು ಹೇಳಿದ್ರು?"

ಬೇಕರಿಯವನು ಹಿಟ್ಟಿನ ಮೂಟೆಯ ಮೇಲೆ ಕೂತ. "ಆಸೆ ಹುಟ್ಟಿಸಬೇಡಮ್ಮ. ಸತ್ತ ಅಂದ್ಕೊಂಡ್ರೆ ಸ್ವಲ್ಪ ನಿದ್ದೆಯಾದ್ರೂ ಬರುತ್ತೆ."

ಅಜ್ಜಿ ಕೆರೆದದ್ದನ್ನೇ ಕೆರೆಯುತ್ತಿದ್ದಳು.

ಬೆಳಿಗ್ಗೆ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಪ ಹೇಗಿರುತ್ತದೆಂದು ನೋಡಲು ಪ್ರಾರ್ಥನೆಗೆ ಎಂದೂ ಬಾರದವರೂ ಬಂದಿದ್ದರು. ಗುರುಗಳು ಕೈ ಎತ್ತಿ, "ದೇವರೇ, ಆ ರಸ್ಕನ್ನು ತಿಂದವರು..." ಎಂದು ಶುರುಮಾಡಿದರು.

"ಸ್ವಲ್ಪ ನಿಲ್ಲಿ ಗುರುಗಳೇ" ಎಂದಳು ಮುಂದಿನ ಸಾಲಿನ ದರ್ಜಿಯ ಹೆಂಡತಿ. "ಸೈನ್ಯದ್ದು ಅಂತ ಗೊತ್ತಿದ್ರೂ ನಮ್ಮ ಮನೇಲಿ ಒಂದೆರಡು ಚೂರು ತಿಂದಿದ್ದೀವಿ. ಒಡೆದು ಹೋದದ್ದು, ಅಷ್ಟೇ."

ಅವಳಿಗೆ ಧೈರ್ಯ ಬಂದದ್ದೇ ತಡ, ಒಬ್ಬೊಬ್ಬರೇ ಕೆಮ್ಮಿದರು. ಒಡೆದ ಚೂರು ತಿನ್ನದ ಮನೆ ಆ ಬೀದಿಯಲ್ಲಿ ಇರಲಿಲ್ಲ. ಗುರುಗಳ ಮನೆಯ ಡಬ್ಬಿಯಲ್ಲೂ ಇತ್ತು.

"ಗಡಿಯಲ್ಲಿರೋ ನಮ್ಮ ಹುಡುಗ್ರು ತಿಂದಿರೋದೂ ಅದೇ" ಎಂದರು ಇನ್ಯಾರೋ.

ಗುರುಗಳು ಹಣೆ ಒರೆಸಿಕೊಂಡು ತಿದ್ದಿದರು: "ಹೊಳೆಯ ಆಚೆ ದಡದಲ್ಲಿ ಕೂತು ಆ ರಸ್ಕನ್ನು ತಿಂದವರ ಹೊಟ್ಟೆಯಲ್ಲಿ ಬೆಂಕಿ ಬೀಳಲಿ. ಒಬ್ಬನೂ ಉಳಿಯದಿರಲಿ."

ಈಗ ಯಾರೂ ಕೆಮ್ಮಲಿಲ್ಲ. ಎಲ್ಲರೂ ಬೇಕರಿಯವನ ಕಡೆ ತಿರುಗಿದರು. ಮೊದಲ ಮಾತು ಅವನದು.

"ಹಾಗೇ..." ಎಂದ. ಮುಂದಿನದು ಬರಲಿಲ್ಲ. ಆಚೆ ದಡದಲ್ಲಿ ಕೂತು ತಿನ್ನುತ್ತಿರುವವರನ್ನು ಕಣ್ಣ ಮುಂದೆ ತಂದುಕೊಂಡಾಗ ಅವನಿಗೆ ಕಂಡದ್ದು ಒಂದೇ ಮುಖ. "ನನ್ನ ಮಗ ಆಚೆ ಇದ್ದಾನೆ ಗುರುಗಳೇ" ಎಂದ. ಮತ್ತೆ ದನಿ ಇಳಿಸಿ, "ಇರಬಹುದು" ಎಂದ.

ಹಿಂದಿನಿಂದ ಕ್ಷೌರಿಕ ಎದ್ದು ನಿಂತ. "ಬೇಡ ಬಿಡಿ ಗುರುಗಳೇ. ಹುಡುಗ ತಿನ್ನಲಿ. ನನ್ನ ಬಾಯಿ ನನ್ನ ಕತ್ತಿಗಿಂತ ಹರಿತ, ಏನೋ ಅಂದುಬಿಟ್ಟೆ."

ಗುರುಗಳ ಕೈ ಇನ್ನೂ ಮೇಲೆಯೇ ಇತ್ತು. "ಹಾಗಾದ್ರೆ ಏನು ಬೇಡಲಿ?" ಎಂದು ಬೇಕರಿಯವನನ್ನೇ ಕೇಳಿದರು.

"ತಿಂದದ್ದು ತಿಂದವರ ಮೈಗೆ ಹತ್ತಲಿ ಅಂತ ಬೇಡಿ."

"ಯಾರು ತಿಂದ್ರೂ?"

"ಯಾರು ತಿಂದ್ರೂ. ಅವನು ಅವರ ಮಧ್ಯೆ ಕೂತಿದ್ದಾನೆ. ಬೇರೆ ಮಾಡೋದು ಹೇಗೆ?"

ಗುರುಗಳು ಬೇಡಿದರು. ಬೇಕರಿಯವನು ಮೊದಲು ಹೇಳಿದ. ಉಳಿದವರು ಮೆಲ್ಲಗೆ ಹೇಳಿದರು. ಕೆಲವರು ಹೇಳದೆ ಎದ್ದು ಹೋದರು. ಅವರ ಮಕ್ಕಳು ಆ ಗುಡ್ಡದಲ್ಲಿ ಸತ್ತಿದ್ದರು. ಅವರನ್ನು ಯಾರೂ ಏನೂ ಅನ್ನಲಿಲ್ಲ.

ಯಾರೂ ಗೆಲ್ಲದೆ ಯುದ್ಧ ಮುಗಿಯಿತು. ಬಿಸಿಲು ಏರುವ ದಿನಗಳಲ್ಲಿ ಸೆರೆಯಾಳುಗಳನ್ನು ಬಿಟ್ಟರು. ಹಿಟ್ಟುಮೂಗ ಗಡ್ಡ ಬಿಟ್ಟುಕೊಂಡು ಬಂದ. ಅಜ್ಜಿ ಅವನ ತೋಳು ಹಿಸುಕಿ ನೋಡಿ, "ಸೊರಗಿಲ್ಲ ಕಣೋ" ಎಂದಳು.

"ಹೇಗೆ ಸೊರಗ್ತೀನಿ ಅಜ್ಜಿ? ಲಾರಿಯಲ್ಲಿದ್ದ ಪೆಟ್ಟಿಗೆಗಳೆಲ್ಲ ನಮಗೇ. ಸೆರೆಮನೇಲಿ ಬೇರೆ ಏನೂ ಕೊಡ್ತಿರಲಿಲ್ಲ."

"ಅವರು ತಿನ್ನಲಿಲ್ವಾ?" ಎಂದರು ನೋಡಲು ಬಂದಿದ್ದ ಗುರುಗಳು.

"ಒಂದು ಚೂರೂ ಮುಟ್ಟಲಿಲ್ಲ. ಅವರಿಗೂ ಒಬ್ಬರು ಗುರುಗಳಿದ್ರು. ವೈರಿಗಳ ತಿಂಡಿ, ಮಂತ್ರಿಸಿರ್ತಾರೆ, ತಿಂದವರು ಸಾಯ್ತಾರೆ, ಸೆರೆಯವರಿಗೆ ಹಾಕಿ ಅಂದ್ರಂತೆ. ನಾವು ಸಾಯ್ತೀವಿ ಅಂತ ದಿನಾ ಬಂದು ನೋಡಿಕೊಂಡು ಹೋಗ್ತಿದ್ರು."

"ಅವರ ದೇವರು ಬೇರೆಯೇನೋ?" ಅಂದ ಕ್ಷೌರಿಕ.

"ಇಲ್ಲಣ್ಣ, ಹೆಸರೂ ಅದೇ, ಪ್ರಾರ್ಥನೆನೂ ಅದೇ. ರಾಗ ಮಾತ್ರ ಸ್ವಲ್ಪ ಎಳೀತಾರೆ."

ಎಲ್ಲರೂ ನಕ್ಕರು. ಬೇಕರಿಯವನು ನಗಲಿಲ್ಲ. ಗುರುಗಳ ಕಡೆ ತಿರುಗಿದ. ಅವನಿಗೆ ಹೊಳೆದದ್ದು ಗುರುಗಳಿಗೂ ಹೊಳೆದಿತ್ತು. ಆ ಶಾಪ ಅಂದು ಪೂರ್ತಿಯಾಗಿದ್ದರೆ ಬೆಂಕಿ ಯಾರ ಹೊಟ್ಟೆಯಲ್ಲಿ ಬೀಳುತ್ತಿತ್ತು ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

"ಆ ಗುರುಗಳಿಗೆ ವಯಸ್ಸೆಷ್ಟಪ್ಪ?" ಎಂದು ಕೇಳಿದರು ಗುರುಗಳು.

"ನಿಮ್ಮಷ್ಟೇ ಇರಬಹುದು. ಕೆಟ್ಟವರಲ್ಲ. ಕೊನೇ ದಿನ ಬಂದು ಒಬ್ಬೊಬ್ಬರ ಮುಖ ನೋಡಿದ್ರು. ಏನೋ ಹೇಳೋಕೆ ಬಂದು ಹಾಗೇ ಹೋದ್ರು."

ಮುಂದಿನ ವಾರ ಗುರುಗಳು ಮಂದಿರದ ಕಸ ಗುಡಿಸಿ, ಬೀಗದ ಕೈಯನ್ನು ದರ್ಜಿಯ ಹೆಂಡತಿಗೆ ಒಪ್ಪಿಸಿದರು. ಎಲ್ಲಿಗೆ ಎಂದದ್ದಕ್ಕೆ, "ಆಚೆಯ ಗುರುಗಳನ್ನ ಒಂದು ಸಲ ನೋಡಬೇಕು. ಶಾಪ ಹಾಕೋಕೆ ನಾನೂ ಕೈ ಎತ್ತಿದ್ದೆ ಅಂತ ಹೇಳಬೇಕು" ಎಂದರು. ಬಿಸಿಲೇರುವ ಮುಂಚೆಯೇ ಆಚೆ ದಡಕ್ಕೆ ಹೊರಟುಹೋದರು.