ಹಿಂದಕ್ಕೆ ಹರಿದ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಮ್ಮಿಗಿಯಲ್ಲಿ ಅಂಬಿಗರ ಯಂಕಪ್ಪ ಎಂಥವನು ಅಂತ ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ. ಆಮೇಲೆ ಹೇಳುವುದು, ಅವನಿಗೆ ನೀರು ಗೊತ್ತು ಅಂತ. ಅಪ್ಪ ತುಂಗಭದ್ರೆಯಲ್ಲಿ ಹರಗೋಲು ನಡೆಸುತ್ತಿದ್ದ. ಅವ್ವ ಹನಮಂತವ್ವನೂ ಹುಟ್ಟು ಹಿಡಿದವಳೇ. ಹೊಳೆಗೆ ಬಿದ್ದ ಮೂವರನ್ನು ನಾನು ಜೀವಂತ ಎತ್ತಿದ್ದೇನೆ. ಅಪ್ಪ ನನಗೆ ಕಲಿಸಿದ್ದು ಇಷ್ಟೇ: ಯಾರಾದರೂ ಬಿದ್ದರೆ ಬಿದ್ದ ಜಾಗದಲ್ಲಿ ಹುಡುಕುತ್ತ ಕೂಡಬೇಡ, ಹರಿವಿನ ಬೆನ್ನು ಹತ್ತು, ಕೆಳಗೆ ಹೋಗು.

ಸೇತುವೆ ಆದಮೇಲೆ ಹರಗೋಲು ಗೋಡೆಗೆ ಒರಗಿತು. ನನಗೂ ತಮ್ಮ ಹುಲಿಗೇಶನಿಗೂ ಹೊನ್ನಾವರದ ಕಡೆ ಮೀನಿನ ದೋಣಿಯ ಕೆಲಸ ಹಚ್ಚಿಕೊಟ್ಟವನು ಲಕ್ಷ್ಮೇಶ್ವರದ ತೌಹೀದ. ಅವನು ಹನ್ನೆರಡು ವರ್ಷದಿಂದ ಸಮುದ್ರದಲ್ಲೇ ಇದ್ದಾನೆ. ಆದರೂ ನನಗೆ ಒಳಗೊಳಗೇ ನಗು. ಅವನ ಊರಿನಲ್ಲಿ ಹೊಳೆಯೇ ಇಲ್ಲ, ಅವನು ನಮಗೆ ನೀರಿನ ಕೆಲಸ ಕೊಡಿಸುವುದೆಂದರೇನು!

ನಾವು ಹಿಡಿಯುತ್ತಿದ್ದದ್ದು ಕಲ್ಲೂರು ಮೀನು. ಅದು ನೀರಿನಡಿ ಗೊರಗೊರ ಸದ್ದು ಮಾಡುತ್ತದೆ. ಇಂಜಿನ್ ಬಂದ್ ಮಾಡಿ, ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿ ಹಚ್ಚಿದರೆ ಹಿಂಡು ಎಲ್ಲಿದೆ ಅಂತ ತಿಳಿಯುತ್ತದೆ. ಹುಲಿಗೇಶ ಇದನ್ನು ಎಂಟೇ ದಿನದಲ್ಲಿ ಕಲಿತ.

"ಅಣ್ಣಾ, ಕೇಳಿಲ್ಲಿ, ಸೋಮಾರಕಟ್ಟಿ ಮ್ಯಾಲ ಮುದುಕರು ಗೊರಕಿ ಹೊಡದಂಗ ಹೊಡ್ಯಾಕ ಹತ್ಯಾವು!" ಅಂತ ನಗುತ್ತಿದ್ದ.

ಆ ಮೀನಿನ ಬಾಯಿ ಬಲು ಮೆತ್ತಗೆ. ಜೋರಾಗಿ ಎಳೆದರೆ ಗಾಳ ತುಟಿ ಹರಿದುಕೊಂಡು ಬರುತ್ತದೆ, ಮೀನು ಹೋಗುತ್ತದೆ. ಮೆಲ್ಲಗೆ ದೋಣಿಯ ಪಕ್ಕಕ್ಕೆ ತಂದು, ಬಗ್ಗಿ, ಕೈಯಿಂದಲೇ ಎತ್ತಬೇಕು. ನನಗೆ ಅಷ್ಟು ಸಮಾಧಾನ ಎಲ್ಲಿಯದು? ಎತ್ತುವ ಕೆಲಸವೆಲ್ಲ ತಮ್ಮನದೇ.

ಜನವರಿಯ ಒಂದು ಮುಂಜಾನೆ ಇಳಿಯುವ ನೀರಿನ ಜೊತೆ ಅಳಿವೆ ದಾಟಿ ಹೊರಗೆ ಹೋದೆವು. ನದಿ ಸಮುದ್ರ ಸೇರುವ ಬಾಯಿಯೇ ಅಳಿವೆ. ಲಂಗರು ಹಾಕಿ ಕೂತೆವು. ಎಂಟು ಗಂಟೆಯಾದರೂ ಮಂಜು ಹರಿಯಲಿಲ್ಲ. ತೌಹೀದನ ದೋಣಿ ಹತ್ತಿರದಲ್ಲೇ ಇತ್ತು, ಮಾತು ಕೇಳುತ್ತಿತ್ತು, ಆಳು ಕಾಣುತ್ತಿರಲಿಲ್ಲ. ನಾನು ಮುಂದಿನ ತುದಿಯಲ್ಲಿ ಗಂಟುಬಿದ್ದ ಹಗ್ಗ ಬಿಡಿಸುತ್ತಿದ್ದೆ.

"ಅಣ್ಣಾ, ದೊಡ್ಡದು ಬಂದೈತಿ, ಮೆಲ್ಲಕ..." ಅಂದ ಹುಲಿಗೇಶ.

ದೋಣಿ ಒಮ್ಮೆ ವಾಲಿತು. ಧಡಲ್ ಅಂತ ಸದ್ದು. ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಮಂಜಿನೊಳಗಿಂದ ಎರಡು ಸಲ "ಅಣ್ಣಾ" ಅಂದದ್ದು ಕೇಳಿಸಿತು. ಯಾವ ಕಡೆಯಿಂದ ಅಂತ ಗೊತ್ತಾಗಲಿಲ್ಲ.

ಲಂಗರಿನ ಹಗ್ಗ ಕಡಿದು ಇಂಜಿನ್ ಹಚ್ಚಿದೆ. ದೋಣಿಯ ಮೂತಿಯನ್ನು ಸಮುದ್ರದ ಕಡೆ ತಿರುಗಿಸಿದೆ.

"ಯಂಕಪ್ಪಾ! ಒಳಗ ಹೋಗು, ಅಳಿವಿ ಕಡೆ!" ತೌಹೀದ ಒದರಿದ. "ನೀರು ತಿರುಗೈತಿ, ಭರತ ಏರಾಕ ಹತ್ತೈತಿ! ನನ್ನ ಬಲಿ ನೀರಾಗೈತಿ, ನೀ ಹೋಗೋ ಜಲ್ದಿ!"

"ಬಾಯಿ ಮುಚ್ಚಲೇ!" ಅಂದೆ. "ನಿಮ್ಮೂರ ಹಳ್ಳದಾಗ ಮೊಣಕಾಲ ತನಕ ನೀರು ಕಂಡಿಲ್ಲ, ನೀ ನನಗ ನೀರು ಕಲಸ್ತೀಯೇನು?"

ಸಮುದ್ರದ ನೀರು ಏರುವಾಗ ಅಳಿವೆಯೊಳಗೆ ನುಗ್ಗುತ್ತದೆ, ಇಳಿಯುವಾಗ ಹೊರಗೆ ಹೋಗುತ್ತದೆ ಅಂತ ನನಗೇನು ಗೊತ್ತಿರಲಿಲ್ಲವೇ? ನಾಲ್ಕು ತಿಂಗಳಿಂದ ದಿನಾ ನೋಡುತ್ತಿದ್ದೆ. ಆದರೆ ತಮ್ಮ ಬಿದ್ದ ಹೊತ್ತಿಗೆ ಎಲ್ಲ ಮರೆತು, ಅಪ್ಪನ ಮಾತೊಂದೇ ತಲೆಯಲ್ಲಿ ಉಳಿಯಿತು. ಬರುವಾಗ ನೀರು ಹೊರಗೆ ಹೋಗುತ್ತಿತ್ತು, ತಮ್ಮನೂ ಹೊರಗೇ ಹೋಗಿರುತ್ತಾನೆ. ಒಂದು ತಾಸು ಸಮುದ್ರದ ಕಡೆಗೇ ಹೋದೆ, ಹೆಸರು ಹಿಡಿದು ಒದರಿದೆ. ಇಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ತೌಹೀದ ಬಲೆ ಎಳೆದುಕೊಂಡು ಅಳಿವೆಯ ಕಡೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು.

ಮೂರನೆಯ ದಿನ ಹುಲಿಗೇಶ ಸಿಕ್ಕ. ಅಳಿವೆಯ ಒಳಗೆ, ನದಿಯ ಮೇಲ್ಗಡೆ, ಎರಡು ಕಿಲೋಮೀಟರು. ಮುಖ ಉಳಿದಿರಲಿಲ್ಲ. ಸೊಂಟದ ಕರಿ ಉಡದಾರ, ಅದಕ್ಕೆ ಅವ್ವ ಕಟ್ಟಿದ್ದ ಹುಲಿಗೆಮ್ಮನ ತಾಯಿತ ನೋಡಿ ಗುರುತು ಹಿಡಿದೆ. ದೋಣಿ ವಾಲಿದಾಗ ನಮ್ಮ ಖಾಲಿ ಡೀಸೆಲ್ ಕ್ಯಾನೂ ಅವನ ಜೊತೆಗೇ ನೀರಿಗೆ ಬಿದ್ದಿತ್ತು, ಅದರ ಹಗ್ಗ ಅವನ ಮುಂಗೈಗೆ ಸುತ್ತಿಕೊಂಡಿತ್ತು. ಅಂದರೆ ಅವನು ಬಹಳ ಹೊತ್ತು ತೇಲುತ್ತಿದ್ದ, ನನ್ನ ದಾರಿ ಕಾಯುತ್ತಿದ್ದ. ಅಯ್ಯೋ ದೇವರೇ, ಹತ್ತು ನಿಮಿಷದ ದಾರಿ ಅದು! ಹೆಣ ಊರಿಗೆ ಒಯ್ಯುವ ಹಾಗಿರಲಿಲ್ಲ. ಪಂಚನಾಮೆ ಮುಗಿಸಿ ಅಲ್ಲೇ ಮಣ್ಣು ಮಾಡಿದೆವು. ಉಡದಾರ ಬಿಚ್ಚಿಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ತೌಹೀದ ನನ್ನ ಜೊತೆ ಹಮ್ಮಿಗಿಗೆ ಬಂದ. ನಾನು ಬೈದದ್ದನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಮುಖ ಗುರುತು ಸಿಗದ ಹಾಗಿತ್ತು, ಅಲ್ಲೇ ಮಣ್ಣು ಮಾಡಿದೆವು ಅಂತ ಅವ್ವನಿಗೆ ತೌಹೀದನೇ ಹೇಳಿದ. ಅವ್ವ ಅಳಲಿಲ್ಲ. ಕಟ್ಟೆಯ ಮೇಲೆ ಕೂತು, "ಎಲ್ಲಿ ಸಿಕ್ಕಾ?" ಅಂದಳು.

"ಅಳಿವಿ ಒಳಗ್ರಿ ಎವ್ವಾ, ಹೊಳಿ ಮ್ಯಾಲಕಡೆ," ಅಂದ ತೌಹೀದ.

ಅವ್ವನ ಮುಖ ಬದಲಾಯಿತು. "ಬಿದ್ದದ್ದೆಲ್ಲಿ?"

"ಹೊರಗ್ರಿ, ಸಮುದ್ರದಾಗ."

"ಹಂಗಾರ ಅಂವ ನನ್ನ ಮಗಾ ಅಲ್ಲ." ಅವಳ ದನಿಯಲ್ಲಿ ಜೀವ ಬಂದಿತ್ತು. "ತೆಳಗ ಬಿದ್ದಾಂವ ಮ್ಯಾಲ ಹೆಂಗ ಹೋಗ್ತಾನ? ಯಾರದೋ ಹೆಣ ಅದು. ಮಾರಿ ನೋಡಿಲ್ಲ ಮಾಡಿಲ್ಲ, ಮಣ್ಣ ಕೊಟ್ಟು ಬಂದೀರಿ! ನನ್ನ ಹುಲಿಗ್ಯಾ ಎಲ್ಲೋ ದಂಡಿಗೆ ಹತ್ಯಾನ. ಯಂಕಾ, ನೀ ನೀರು ಬಲ್ಲಾಂವ. ನೀ ಹೇಳು. ನೀರು ಹಿಂದಕ್ಕ ಹರೀತೈತೇನು?"

ನನ್ನ ಕೈ ಕಿಸೆಯಲ್ಲಿತ್ತು, ಉಡದಾರ ಬೆರಳಿಗೆ ಸಿಕ್ಕಿತ್ತು. ಹರಿಯುತ್ತದೆ ಅಂದರೆ ಮುಂದಿನದನ್ನೂ ಹೇಳಬೇಕು: ಅದು ನನಗೆ ಗೊತ್ತಿತ್ತು, ತೌಹೀದ ಒದರಿ ಒದರಿ ಹೇಳಿದ, ನಾನು ಅವನನ್ನು ಬೈದು ನಿನ್ನ ಮಗನಿಗೆ ಬೆನ್ನು ಹಾಕಿ ಹೋದೆ. ತೌಹೀದ ಬಾಯಿ ತೆರೆದ. ನಾನು ಅವನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ.

"ಇಲ್ಲವ್ವಾ," ಅಂದೆ. "ಹರಿಯೂದಿಲ್ಲ."

ಅವತ್ತಿನಿಂದ ಅವ್ವ ಚೆನ್ನಾಗಿ ಉಣ್ಣುತ್ತಾಳೆ. ಮಣ್ಣು ಕೊಟ್ಟ ಮೇಲಿನ ಕಾರ್ಯ ಯಾವುದನ್ನೂ ಮಾಡಗೊಡಲಿಲ್ಲ. ಓಣಿಯವರಿಗೆಲ್ಲ, "ಯಂಕಾನ ಹೇಳ್ಯಾನ, ಅದು ನನ್ನ ಮಗಂದಲ್ಲ" ಅನ್ನುತ್ತಾಳೆ. ನಾನು ಒಳಗೆ ಕೂತು ಕೇಳುತ್ತೇನೆ. ನಿನ್ನೆ ನನ್ನ ಹತ್ತಿರ ಬಂದು, "ಇನ್ನೊಮ್ಮಿ ಹೋಗಿ ಬಾರಪಾ. ಈ ಸಲ ಇನ್ನೂ ತೆಳಗ ಹುಡುಕು," ಅಂದಳು.

ಹೂಂ ಅಂದೆ. ಮುಂಜಾನೆಯ ಬಸ್ಸಿಗೆ ಹೊರಟಿದ್ದೇನೆ. ಅವ್ವ ಕಟಕರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ, ಎರಡು ಗಂಟು. ಒಂದು ನನಗೆ, ಒಂದು ಬರುವಾಗ ತಮ್ಮನಿಗೆ.